ದಾರಿಯ ವೆಚ್ಚ

ಬಡಕುಟುಂಬದ ಹುಡುಗಿಯ ವಿದ್ಯಾಭ್ಯಾಸದ ಮಾತು ಬಂದಾಗಲೆಲ್ಲ ನಾವು ಫೀಸು, ಪುಸ್ತಕ, ಬಟ್ಟೆ ಇವುಗಳನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ. ದಾರಿಯ ವೆಚ್ಚವನ್ನು ಮರೆಯುತ್ತೇವೆ. ಫೀಸಾದರೋ ವರುಷಕ್ಕೆ ಒಂದೆರಡು ಸಲ ಕೊಡತಕ್ಕದ್ದು. ಬಸ್ಸಿನ ಚಾರ್ಜು ದಿನಕ್ಕೆ ಎರಡು ಸಲ ಕೊಡತಕ್ಕದ್ದು. ಕೂಲಿ ದೊರೆಯದ ವಾರದಲ್ಲಿ ಮನೆಯವರು ಮೊದಲು ಉಳಿಸುವುದು ಈ ಹಣವನ್ನೇ. ಮೊದಲು ಒಂದು ದಿನ ತಪ್ಪುತ್ತದೆ, ಆಮೇಲೆ ಒಂದು ವಾರ, ಕಡೆಗೆ ಶಾಲೆಯೇ ತಪ್ಪುತ್ತದೆ. ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ಕೆಲವು ಮಾತುಗಳನ್ನು ಅರಿಕೆ ಮಾಡಬಯಸುತ್ತೇನೆ.

ದಾರಿ ಸುಲಭವಾದರೆ ವಿದ್ಯೆ ಹೆಚ್ಚುವುದೆಂಬುದು ಬರಿಯ ಊಹೆಯಲ್ಲ. ಬಿಹಾರದಲ್ಲಿ 2006ರಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಸರ್ಕಾರದವರು ಹಣ ಕೊಡತೊಡಗಿದರು. ಇದರ ಫಲವನ್ನು ಕಾರ್ತಿಕ್ ಮುರಳೀಧರನ್, ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ನೂರಕ್ಕೆ 32ರಷ್ಟು ಏರಿತೆಂದೂ, ಶಾಲೆಯು 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಲಾಭವು ಅಧಿಕವೆಂದೂ ಕಂಡುಕೊಂಡರು. ನಮ್ಮ ರಾಜ್ಯದಲ್ಲಿಯೂ 2006-07ರಿಂದ ಅನೇಕ ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ್ದುಂಟು.

2023ನೆಯ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣವು ಉಚಿತವಾಯಿತು. ಗುರುತಿನ ಚೀಟಿಯನ್ನು ತೋರಿಸಿದರೆ ಕಂಡಕ್ಟರನು ಶೂನ್ಯ ದರದ ಟಿಕೇಟು ಕೊಡುತ್ತಾನೆ. ಅದರ ಹಣವನ್ನು ಸರ್ಕಾರವು ಸಾರಿಗೆ ನಿಗಮಕ್ಕೆ ತುಂಬಿಕೊಡಬೇಕು. 2025ನೆಯ ಜುಲೈ ತಿಂಗಳಿನೊಳಗೆ ಇಂತಹ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು.

ಇದರಿಂದ ಹೆಂಗಸರು ಕೆಲಸವಿಲ್ಲದೆ ಊರೂರು ತಿರುಗುವರೆಂದು ಆಕ್ಷೇಪಿಸುವವರುಂಟು. ಬೆಳಗಿನ ಬಸ್ಸಿನಲ್ಲಿ ಒಮ್ಮೆ ನಿಂತು ನೋಡಿದರೆ ಉತ್ತರ ದೊರೆಯುವುದು. ಮನೆಗೆಲಸಕ್ಕೆ ಹೋಗುವವಳು, ತರಕಾರಿಯ ಬುಟ್ಟಿಯವಳು, ಆಸ್ಪತ್ರೆಗೆ ಮಗುವನ್ನು ಒಯ್ಯುವವಳು, ಪುಸ್ತಕದ ಚೀಲದ ಹುಡುಗಿ—ಇವರಲ್ಲಿ ಅಲೆಯುವವರು ಯಾರು? ಇನ್ನು ಕೆಲವರು ಇದನ್ನು ಭಿಕ್ಷೆಯೆಂದು ಹಳಿಯುತ್ತಾರೆ. ಸರ್ಕಾರಿ ಶಾಲೆಯ ಪಾಠವನ್ನೂ ಸರ್ಕಾರಿ ಆಸ್ಪತ್ರೆಯ ಔಷಧವನ್ನೂ ನಾವು ಭಿಕ್ಷೆಯೆನ್ನುವುದಿಲ್ಲ. ಅವುಗಳ ಬಾಗಿಲಿಗೆ ಮುಟ್ಟಿಸುವ ಬಸ್ಸನ್ನು ಹಾಗೆನ್ನುವುದು ನ್ಯಾಯವಲ್ಲ.

ಆದರೆ ಒಂದು ಮಾತನ್ನು ಮರೆಯಕೂಡದು. ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೇಟಿನಿಂದ ಏನು ಪ್ರಯೋಜನ? ಖಾಸಗಿ ಬಸ್ಸುಗಳಿಗೆ ಈ ಯೋಜನೆಯು ಅನ್ವಯಿಸುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ ಸೀಮೆಯಲ್ಲಿ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಅಲ್ಲಿಯ ಹುಡುಗಿಯು ಬೇರೆ ಜಿಲ್ಲೆಯವಳಂತೆಯೇ ಬಡವಳಾದರೂ ದಿನವೂ ಹಣ ತೆರಬೇಕಾಗುವುದು. ಈ ವ್ಯತ್ಯಾಸವನ್ನು ನಿವಾರಿಸುವುದು ಸರ್ಕಾರದ ಕರ್ತವ್ಯ. ಅದನ್ನು ಕೇಳುವುದು ನಮ್ಮ ಕರ್ತವ್ಯ.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲನೆಯದಾಗಿ, ಇರುವ ಸೌಕರ್ಯಗಳನ್ನು ಅರಿತು ಅರಿಯದವರಿಗೆ ತಿಳಿಸಬೇಕು. ರೈಲಿನಲ್ಲಿ ಮನೆಗೂ ಶಾಲೆಗೂ ನಡುವೆ ಹೋಗಿಬರುವ ಎರಡನೆಯ ದರ್ಜೆಯ ತಿಂಗಳ ಪಾಸು ಹುಡುಗಿಯರಿಗೆ ಪದವಿಯ ತನಕ, ಹುಡುಗರಿಗೆ ಹನ್ನೆರಡನೆಯ ತರಗತಿಯ ತನಕ ಉಚಿತವಾಗಿದೆ. ಇದಕ್ಕೆ ಶಾಲೆಯ ಪ್ರಮಾಣಪತ್ರ ಬೇಕು. ಅಣ್ಣತಮ್ಮಂದಿರಿಗೆ ಸರ್ಕಾರಿ ಬಸ್ಸುಗಳಲ್ಲಿ ವಿದ್ಯಾರ್ಥಿಗಳ ರಿಯಾಯಿತಿ ಪಾಸು ಉಂಟು. ಅರವತ್ತು ದಾಟಿದ ಅಜ್ಜನಿಗೆ ನೂರಕ್ಕೆ 25ರಷ್ಟು ಸೋಡಿ ಉಂಟು. ಇವುಗಳ ಅರ್ಜಿಯನ್ನು ತುಂಬಲು ಓದುಬರಹವಿಲ್ಲದ ತಾಯಿಯು ಯಾರ ಬಳಿಗೆ ಹೋಗಬೇಕು? ನಮ್ಮ ಬಳಿಗೇ ಅಲ್ಲವೆ?

ಎರಡನೆಯದಾಗಿ, ಬಸ್ಸಿಲ್ಲದ ಊರುಗಳ ತಾಯಿತಂದೆಗಳು ಒಟ್ಟುಗೂಡಿ ಡಿಪೋದ ಅಧಿಕಾರಿಗಳಿಗೆ ಮನವಿ ಸಲ್ಲಿಸಬೇಕು. ಬರಿಯ ದೂರು ಸಾಲದು. ಯಾವ ಊರಿನಿಂದ ಎಷ್ಟು ಮಂದಿ ಹುಡುಗಿಯರು, ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಗಂಟೆಗೆ ಮರಳಬೇಕು ಎಂಬುದನ್ನು ಬರೆದುಕೊಡಬೇಕು.

ಮೂರನೆಯದಾಗಿ, ಹಳೆಯ ವಿದ್ಯಾರ್ಥಿನಿಯರು ಒಂದು ದಾರಿಖರ್ಚಿನ ನಿಧಿಯನ್ನು ಸ್ಥಾಪಿಸಬೇಕೆಂಬುದು ನನ್ನ ಅಭಿಪ್ರಾಯ. ಬಹುಮಾನಗಳಿಗೂ ಕಟ್ಟಡಗಳಿಗೂ ದಾನಿಗಳು ದೊರೆಯುತ್ತಾರೆ. ತಿಂಗಳ ಬಸ್ಸಿನ ಹಣಕ್ಕೆ ಯಾರ ಹೆಸರನ್ನೂ ಕಲ್ಲಿನಲ್ಲಿ ಕೆತ್ತುವುದಿಲ್ಲ. ಆದರೂ ಬಹುಮಾನವು ಶಾಲೆಯಲ್ಲಿರುವ ಹುಡುಗಿಗೆ ಸಲ್ಲುವುದು, ಈ ಹಣವಾದರೋ ಶಾಲೆಯನ್ನು ಬಿಡಲಿರುವವಳಿಗೆ ಸಲ್ಲುವುದು. ಖಾಸಗಿ ಬಸ್ಸಿನ ದಾರಿಯವರಿಗೆ ಇದು ಮೊದಲು ದೊರೆಯಲಿ. ಪಡೆಯುವವಳ ಹೆಸರು ಮುಖ್ಯೋಪಾಧ್ಯಾಯಿನಿಯವರೊಬ್ಬರಿಗೆ ತಿಳಿದಿದ್ದರೆ ಸಾಕು. ತರಗತಿಯಲ್ಲಿ ಕೂಗಿ ಕೊಡುವ ಸಹಾಯವು ಹುಡುಗಿಯ ತಲೆಯನ್ನು ತಗ್ಗಿಸುವುದು.

ನಮ್ಮ ಕರ್ತನು ಹೇಳಿದ ಸಾಮ್ಯದಲ್ಲಿ ಸಮಾರ್ಯದವನು ಗಾಯಗೊಂಡವನನ್ನು ಕಂಡು ಮರುಗಿದುದಷ್ಟೇ ಅಲ್ಲ. ಅವನನ್ನು ತನ್ನ ಪಶುವಿನ ಮೇಲೆ ಹತ್ತಿಸಿ ಛತ್ರಕ್ಕೆ ಕರೆತಂದು, ಅಲ್ಲಿಯ ವೆಚ್ಚಕ್ಕೂ ಹಣ ಕೊಟ್ಟುಹೋದನು. ಈ ಶಾಲೆಯಲ್ಲಿ ಆ ಕಥೆಯನ್ನು ಕೇಳದೆ ಹೋದವರು ನಮ್ಮಲ್ಲಿ ಯಾರೂ ಇರಲಾರರು. ಮುಂದಿನ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವುದರೊಳಗೆ ಈ ನಿಧಿಯು ಸಿದ್ಧವಾಗಲೆಂದು ಬೇಡಿಕೊಳ್ಳುತ್ತೇನೆ.