ಚಪ್ಪಾಳೆ ಬೇಡ, ಆ ಪತ್ರ ಬರೀರಿ

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ಗೌತಮಪುರದ ಒಂದು ಫೋಟೊ ಹಾಕಿದ್ದೆ. ಬೆಂಗಳೂರಿನ ಹಲಸೂರಿನ ಮಗ್ಗುಲಲ್ಲಿರೋ ಈ ಬಡಾವಣೆಯನ್ನ ಜನ ‘ಮಿನಿ ಬ್ರೆಜಿಲ್’ ಅಂತಲೇ ಕರೀತಾರೆ. ಅಲ್ಲಿ ಬುದ್ಧ, ಬಾಬಾಸಾಹೇಬ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ‘ನಾಲ್ವರೂ ನಮ್ಮೋರೇ’ ಅಂತ ಬರೆದಿದ್ದೆ. ಅದರ ಕೆಳಗೆ ಹಳೇ ರೂಮ್‌ಮೇಟ್ ಒಬ್ಬ ಕಾಮೆಂಟ್ ಹಾಕಿದ: ‘ಮಗಾ, ಎಲ್ಲಾದಕ್ಕೂ ಜಾತಿ ತರ್ಬೇಡ. ಫುಟ್‌ಬಾಲ್ ಅಂದ್ರೆ ಫುಟ್‌ಬಾಲ್, ಮ್ಯೂಸಿಕ್ ಅಂದ್ರೆ ಮ್ಯೂಸಿಕ್. ಸುಮ್ನೆ ಎಂಜಾಯ್ ಮಾಡು.’

ಅವನ ಡಿಪಿಯಲ್ಲಿ ಯಾರಿದ್ದಾರೆ ಗೊತ್ತಾ? ಟೂಪಾಕ್.

ಆ ಕಾಮೆಂಟಿಗೆ ನನ್ನ ಪೋಸ್ಟಿಗಿಂತ ಜಾಸ್ತಿ ಲೈಕ್ ಬಿದ್ದಿದೆ. ಅದಕ್ಕೇ ಇನ್‌ಬಾಕ್ಸ್‌ನಲ್ಲಿ ಉತ್ತರ ಕೊಡದೆ ಇಲ್ಲೇ ಬರೀತಿದ್ದೀನಿ.

ಎಂಜಾಯ್ ಮಾಡೋದನ್ನ ನನಗೆ ಯಾರೂ ಹೇಳಿಕೊಡಬೇಕಿಲ್ಲ. 1998ರ ಜುಲೈನಲ್ಲಿ ಹಾಸ್ಟೆಲ್ ಹುಡುಗರು ಹದಿನೈದು ಜನ, ವಾರ್ಡನ್ ಮಲಗಿದ ಮೇಲೆ, ಟೀವಿ ಸೌಂಡ್ ಪೂರ್ತಿ ಇಳಿಸಿ ವಿಶ್ವಕಪ್ ಫೈನಲ್ ನೋಡಿದ್ವಿ. ಜಿದಾನ್ ಎರಡು ಸಲ ತಲೆಯಲ್ಲಿ ಗೋಲು ಹೊಡೆದಾಗ ಕಿರುಚೋ ಹಾಗಿಲ್ಲ. ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿಕೊಂಡೇ ಖುಷಿಪಟ್ವಿ. ಜಿದಾನ್ ಅಲ್ಜೀರಿಯಾದಿಂದ ವಲಸೆ ಬಂದವರ ಮಗ, ತುರಾಮ್ ಕೆರಿಬಿಯನ್ನಿನ ಗ್ವಾಡೆಲೂಪ್‌ನವನು, ದೆಸಾಯಿ ಘಾನಾದಲ್ಲಿ ಹುಟ್ಟಿದವನು ಅನ್ನೋದೆಲ್ಲ ಆಗ ಗೊತ್ತಿರಲಿಲ್ಲ. ಇದು ಫ್ರಾನ್ಸಿನ ಅಸಲಿ ತಂಡ ಅಲ್ಲ ಅಂತ ಅಲ್ಲಿನ ಬಲಪಂಥೀಯ ನಾಯಕ ಲೆ ಪೆನ್ ಎರಡು ವರ್ಷ ಮೊದಲೇ ತಗಾದೆ ತೆಗೆದಿದ್ದ ಅನ್ನೋದೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಎರಡು ಗೋಲಿನ ರುಚಿ ಇನ್ನೂ ಹೆಚ್ಚಾಯ್ತು. ಇತಿಹಾಸ ಓದಿದರೆ ಆಟದ ಮಜಾ ಹೋಗುತ್ತೆ ಅನ್ನೋದು ಸುಳ್ಳು ಸ್ವಾಮಿ. ಯಾರ ಮಜಾ ಹೋಗುತ್ತೆ ಅಂತ ಕೇಳಿ.

ಈಗ ಪ್ರಶ್ನೆಗೆ ಬರೋಣ. ಆಟದೊಳಗೆ ‘ಇದನ್ನ’ ತಂದೋರು ಯಾರು?

ಪೆಲೆಯ ಬ್ರೆಜಿಲ್‌ಗೇ ಹೋಗೋಣ. ರಿಯೊದಲ್ಲಿ ಪೋರ್ಚುಗೀಸ್ ವಲಸಿಗರು ಕಟ್ಟಿದ ಕ್ಲಬ್ಬು ವಾಸ್ಕೊ ಡ ಗಾಮ. ಹೌದು, ಕಲ್ಲಿಕೋಟೆಗೆ ಬಂದಿಳಿದನಲ್ಲ, ಅದೇ ಗಾಮನ ಹೆಸರು. 1923ರಲ್ಲಿ ಈ ಕ್ಲಬ್ಬು ಮೊದಲ ಸಲ ರಿಯೊದ ಮೇಲಿನ ದರ್ಜೆಗೆ ಬಂತು, ಅದೇ ವರ್ಷ ಚಾಂಪಿಯನ್ ಆಯ್ತು. ತಂಡದಲ್ಲಿದ್ದವರು ಯಾರು? ಕರಿಯರು, ಮಿಶ್ರ ವರ್ಣದವರು, ಕೂಲಿ ಕಾರ್ಮಿಕರು. ಅಲ್ಲೀವರೆಗೆ ಫುಟ್‌ಬಾಲ್ ಅಂದ್ರೆ ಶ್ರೀಮಂತ ಬಿಳಿಯರ ಮಕ್ಕಳ ಸಂಜೆಯ ಮನರಂಜನೆ. ದೊಡ್ಡ ಕ್ಲಬ್ಬುಗಳಿಗೆ ಮೈ ಉರೀತು. ಹಳೇ ಲೀಗು ಬಿಟ್ಟು 1924ರಲ್ಲಿ ತಮ್ಮದೇ ಹೊಸ ಲೀಗು ಮಾಡ್ಕೊಂಡ್ರು.

ಆ ಹೊಸ ಲೀಗಿನವರು ‘ಕರಿಯರು ಬೇಡ’ ಅಂತ ಎಲ್ಲೂ ಬಾಯಿಬಿಡಲಿಲ್ಲ. ಆಟಗಾರರಿಗೆ ಓದು-ಬರಹ ಬರಬೇಕು ಅಂದ್ರು. ಕೂಲಿನಾಲಿ ಮಾಡೋರು ಇರಬಾರದು ಅಂದ್ರು. ಕ್ಲಬ್ಬಿಗೆ ಒಳ್ಳೇ ಮೈದಾನ ಇರಬೇಕು ಅಂದ್ರು. ಆಮೇಲೆ ವಾಸ್ಕೊಗೆ ಹೇಳಿದ್ರು, ಈ 12 ಜನ ಆಟಗಾರರನ್ನ ಕೈಬಿಟ್ಟು ಬನ್ನಿ, ಸೇರಿಸ್ಕೋತೀವಿ.

ಈ ಭಾಷೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಮೆರಿಟ್, ಅರ್ಹತೆ, ಕ್ವಾಲಿಟಿ! ಶಾಲೆಗೆ ಸೇರಿಸದೇ ಇದ್ದೋನಿಗೆ ಓದು ಬರಲ್ಲ ಅಂತ ಹೊರಗೆ ಹಾಕೋದು. ಕೂಲಿಗೆ ತಳ್ಳಿದೋನನ್ನ ಕೂಲಿಯವನು ಅಂತ ಹೊರಗೆ ಹಾಕೋದು. ನಮ್ಮ ಮೀಸಲಾತಿ ಬಗ್ಗೆ ದಿನಾ ಪಾಠ ಮಾಡೋರು ಒಂದು ಸಲ ರಿಯೊದ 1924ನ್ನ ಓದಿ. ಬೇಲಿ ಹಾಕೋನು ಯಾವತ್ತೂ ಅದನ್ನ ಬೇಲಿ ಅನ್ನಲ್ಲ, ನಿಯಮ ಅಂತಾನೆ.

ಅದೇ ಕಾಲದಲ್ಲಿ ನಮ್ಮ ಕಡೆ ಏನಾಗ್ತಿತ್ತು? ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಜಾತಿಯ ಪಾಲ್ವಂಕರ್ ಬಾಲೂ ದೇಶದ ಅತ್ಯುತ್ತಮ ಬೌಲರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದವನು. ಪುಣೆಯಲ್ಲಿ ಹಿಂದೂ ಕ್ಲಬ್ಬಿಗೆ ಆಡುವಾಗ ಜೊತೆಯವರು ಒಳಗೆ ಕೂತು ಪಿಂಗಾಣಿ ಬಟ್ಟಲಲ್ಲಿ ಟೀ ಕುಡಿದ್ರೆ ಬಾಲೂಗೆ ಹೊರಗೆ ಮಣ್ಣಿನ ಕುಡಿಕೆ. ವಿಕೆಟ್ ಬೇಕು, ಬಟ್ಟಲು ಮುಟ್ಟಬಾರದು. ನಾಯಕ ಪಟ್ಟ ಅವನಿಗೆ ಸಿಗಲೇ ಇಲ್ಲ. ತಮ್ಮ ವಿಠಲ್‌ಗೆ ಸಿಕ್ಕಿದ್ದು 1923ರಲ್ಲಿ, ವಾಸ್ಕೊ ಗೆದ್ದ ಅದೇ ವರ್ಷ. ಈಗ ಹೇಳಿ, ಆಟದೊಳಗೆ ಜಾತಿ ತಂದಿದ್ದು ಆ ಕುಡಿಕೆ ಕೊಟ್ಟೋರಾ, ಅದನ್ನ ನೆನಪಿಸೋ ನಾನಾ?

ಗೆದ್ದಾಗ ಎಲ್ಲರೂ ಒಂದೇ. ಸೋತಾಗ ಲೆಕ್ಕ ಶುರುವಾಗುತ್ತೆ. 1950ರ ವಿಶ್ವಕಪ್‌ನಲ್ಲಿ ಮರಕಾನಾ ಮೈದಾನದಲ್ಲಿ ಬ್ರೆಜಿಲ್ ಉರುಗ್ವೆಗೆ 2-1ರಲ್ಲಿ ಸೋತಿತು. ಆಡಿದ್ದು 11 ಜನ, ಬಲಿ ಆಗಿದ್ದು ಕಪ್ಪು ಗೋಲ್‌ಕೀಪರ್ ಬಾರ್ಬೋಸಾ. 2000ದಲ್ಲಿ ತೀರಿಕೊಳ್ಳೋ ತನಕ ಆ ಒಂದು ಗೋಲನ್ನ ಹೊತ್ತುಕೊಂಡೇ ಬದುಕಿದ. ಬ್ರೆಜಿಲ್‌ನಲ್ಲಿ ಯಾವ ಅಪರಾಧಕ್ಕೂ 30 ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇಲ್ಲ, ನಾನು ಮಾತ್ರ 50 ವರ್ಷದಿಂದ ಅನುಭವಿಸ್ತಿದ್ದೀನಿ ಅಂತ ಕೊನೆಗಾಲದಲ್ಲಿ ಹೇಳಿಕೊಂಡಿದ್ದ.

ಅದೆಲ್ಲ ಹಳೇ ಕಾಲ ಅಂತೀರಾ? 2021ರ ಜುಲೈ 11, ವೆಂಬ್ಲಿ, ಯೂರೊ ಫೈನಲ್. ಪೆನಾಲ್ಟಿಯಲ್ಲಿ ಇಂಗ್ಲೆಂಡ್ ಸೋತಿತು. ಗೋಲು ತಪ್ಪಿಸಿಕೊಂಡ ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಮೂವರೂ ಕಪ್ಪು ಹುಡುಗರು. ಸಾಕಾಗೆ ಆಗ 19 ವರ್ಷ. ಪಂದ್ಯ ಮುಗೀತಿದ್ದ ಹಾಗೇ ಅವರ ಇನ್‌ಸ್ಟಾಗ್ರಾಮ್ ತುಂಬ ಕೋತಿ ಚಿತ್ರಗಳು. ಆ ಟೂರ್ನಿ ಶುರುವಾಗೋ ಹೊತ್ತಿಗೆ ಆಟಗಾರರು ವರ್ಣಭೇದದ ವಿರುದ್ಧ ಮಂಡಿಯೂರಿದಾಗ ಅದನ್ನ ತೋರಿಕೆಯ ರಾಜಕೀಯ ಅಂದಿದ್ದು ಯಾರು? ಅವರ ಗೃಹ ಮಂತ್ರಿ, ಗುಜರಾತಿ ಮೂಲದ ಪ್ರೀತಿ ಪಟೇಲ್. ಸೋತ ಮೇಲೆ ಅದೇ ಮಂತ್ರಿ ನಿಂದನೆಯನ್ನ ಖಂಡಿಸಿದಾಗ, ಬೆಂಕಿ ಹಚ್ಚಿದ್ದು ನೀವೇ ಅಲ್ವಾ ಅನ್ನೋ ಅರ್ಥದಲ್ಲಿ ತಂಡದ ಟೈರೋನ್ ಮಿಂಗ್ಸ್ ನೇರವಾಗೇ ಕೇಳಿದ. ‘ಆಟದಲ್ಲಿ ರಾಜಕೀಯ ಬೇಡ’ ಅನ್ನೋರ ಕಥೆ ಎಲ್ಲಾ ಕಡೆ ಇಷ್ಟೇ.

2023ರ ಮೇ ತಿಂಗಳಲ್ಲಿ ವೆಲೆನ್ಸಿಯಾದ ಮೈದಾನದಲ್ಲಿ ವಿನೀಸಿಯಸ್‌ಗೆ ಕೋತಿ ಅಂತ ಕೂಗಿದ್ರು. ಬೈದವರನ್ನ ಅವನು ಬೆರಳು ಮಾಡಿ ತೋರಿಸಿದ. ಪಂದ್ಯದ ಕೊನೆಗೆ ರೆಡ್ ಕಾರ್ಡ್ ಸಿಕ್ಕಿದ್ದು ಅವನಿಗೇ. ಆ ಕಾರ್ಡು ಆಮೇಲೆ ರದ್ದಾಯ್ತು. ಒಂದು ವರ್ಷ ಬಿಟ್ಟು ಮೂವರಿಗೆ ಎಂಟು ತಿಂಗಳ ಶಿಕ್ಷೆಯೂ ಆಯ್ತು. ಫುಟ್‌ಬಾಲ್ ಮೈದಾನದಲ್ಲಿ ಆದ ಜನಾಂಗೀಯ ನಿಂದನೆಗೆ ಸ್ಪೇನ್‌ನಲ್ಲಿ ಅಂಥ ತೀರ್ಪು ಅದೇ ಮೊದಲು. ವಿನೀಸಿಯಸ್ ಸುಮ್ಮನೆ ‘ಎಂಜಾಯ್’ ಮಾಡ್ಕೊಂಡು ಇದ್ದಿದ್ರೆ ಅದು ಆಗ್ತಿತ್ತಾ?

ಇನ್ನು ಹಾಡಿನ ವಿಷಯ. 2006ರಲ್ಲಿ ನಮ್ಮ ರೂಮಲ್ಲಿ ಮೆಜೆಸ್ಟಿಕ್ ಹತ್ರ ಕೊಂಡ ಒಂದು ಎಂಪಿತ್ರೀ ಸಿಡಿ ಇತ್ತು. ಪಬ್ಲಿಕ್ ಎನಿಮಿ, ಎನ್‌ಡಬ್ಲ್ಯೂಎ, ಟೂಪಾಕ್, ನಾಸ್ ಎಲ್ಲಾ ಅದರಲ್ಲೇ. ಇಂಗ್ಲಿಷ್ ಅರ್ಧಂಬರ್ಧ ಅರ್ಥ ಆಗ್ತಿತ್ತು. ಸಿಟ್ಟು ಮಾತ್ರ ಪೂರ್ತಿ ಅರ್ಥ ಆಗ್ತಿತ್ತು.

ಹಿಪ್‌ಹಾಪ್ ಯಾವ ಸ್ಟುಡಿಯೋದಲ್ಲೂ ಹುಟ್ಟಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ನಡುವೆ ಹೆದ್ದಾರಿ ಕೊರೆದು ಸಾವಿರಾರು ಬಡ ಕುಟುಂಬಗಳನ್ನ ಒಕ್ಕಲೆಬ್ಬಿಸಿದ್ರು. ಇನ್ಶೂರೆನ್ಸ್ ದುಡ್ಡಿಗೋಸ್ಕರ ಮಾಲೀಕರೇ ಕಟ್ಟಡಗಳಿಗೆ ಬೆಂಕಿ ಇಡಿಸಿದ್ರು. ಆ ಬ್ರಾಂಕ್ಸ್‌ನ ಸೆಜ್‌ವಿಕ್ ಅವೆನ್ಯೂ, 1520ನೇ ನಂಬರಿನ ಕಟ್ಟಡ. 1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ ಶಾಲೆ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸೋಕೆ ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಹಾಡು ಹಾಕಿದ್ದು ಅವಳಣ್ಣ, ಜಮೈಕಾದಿಂದ ಬಂದ ಡಿಜೆ ಕೂಲ್ ಹರ್ಕ್. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಕೊಂಡು, ಡ್ರಮ್ ಮಾತ್ರ ಬರೋ ಆ ಸಣ್ಣ ತುಣುಕನ್ನ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಉದ್ದ ಮಾಡಿದ. ವಾದ್ಯ ಕಲಿಯೋಕೆ ದುಡ್ಡಿಲ್ಲದವರು ರೆಕಾರ್ಡ್ ಪ್ಲೇಯರನ್ನೇ ವಾದ್ಯ ಮಾಡ್ಕೊಂಡ್ರು. ಅದೇ 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ‘ಬೂಸಾ’ ಅನ್ನೋ ಒಂದು ಮಾತು ಆಡಿ ಮಂತ್ರಿ ಪದವಿ ಕಳ್ಕೊಂಡ್ರು. ಬ್ರಾಂಕ್ಸ್‌ಗೆ ಮೈಸೂರು ಗೊತ್ತಿರಲಿಲ್ಲ, ಮೈಸೂರಿಗೆ ಬ್ರಾಂಕ್ಸ್ ಗೊತ್ತಿರಲಿಲ್ಲ. ಎರಡೂ ಕಡೆ ಬಾಯಿ ಮುಚ್ಕೊಂಡಿರಬೇಕಾದವರು ಬಾಯಿ ತೆರೆದಿದ್ರು, ಅಷ್ಟೇ.

ಇನ್ನೊಂದು ವಿಷಯ ನನ್ನನ್ನ ಬಿಟ್ಟೂ ಬಿಡದೆ ಕಾಡುತ್ತೆ. 1739ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರು ಡೋಲು ಬಡಿದು ದಂಗೆ ಎದ್ರು. ಮರುವರ್ಷ ಕಾನೂನು ಬಂತು, ಗುಲಾಮರು ಡೋಲು ಮುಟ್ಟೋ ಹಾಗಿಲ್ಲ. ಅವರ ಕೈಯಿಂದ ಡೋಲು ಕಿತ್ಕೊಂಡ್ರು. ನಮ್ಮ ಹೆಗಲಿಗೆ ತಮಟೆ ಕಟ್ಟಿದ್ರು. ಸತ್ತರೆ ಬಡಿ, ಜಾತ್ರೆಗೆ ಬಡಿ, ಬಡಿದ ಮೇಲೆ ದೂರ ನಿಲ್ಲು. ಬಡಿಯೋ ಹಕ್ಕಿಗೆ ಅವರು ಹೋರಾಡಿದ್ರು, ಬಡಿಯಲ್ಲ ಅನ್ನೋ ಹಕ್ಕಿಗೆ ನಮ್ಮ ದಲಿತ ಚಳವಳಿ ಹೋರಾಡಿತು. ಆಮೇಲೆ ಅದೇ ತಮಟೆಯನ್ನ ನಮ್ಮ ಇಷ್ಟಕ್ಕೆ, ನಮ್ಮ ಮೆರವಣಿಗೆಗೆ ಎತ್ಕೊಂಡ್ವಿ. ‘ಬೀಟ್ ಸೂಪರ್, ಮೆಸೇಜ್ ಬೇಡ’ ಅನ್ನೋ ಹಾಡುಪ್ರೇಮಿಗಳೇ, ಬೀಟೇ ಮೆಸೇಜು. ಆ ಬೀಟಿನ ಕೂಲಿ ಕಥೇನೂ ಕೇಳಿ. ಜೇಮ್ಸ್ ಬ್ರೌನ್‌ನ 1970ರ ‘ಫಂಕಿ ಡ್ರಮ್ಮರ್’ ಹಾಡಿಗೆ ಡ್ರಮ್ ಬಾರಿಸಿದವನು ಕ್ಲೈಡ್ ಸ್ಟಬಲ್‌ಫೀಲ್ಡ್. ಆ ಕೆಲವೇ ಸೆಕೆಂಡಿನ ಹೊಡೆತವನ್ನ ನೂರಾರು ಹಿಪ್‌ಹಾಪ್ ಹಾಡುಗಳು ಎತ್ತಿ ಬಳಸಿವೆ. ಹಾಡಿನ ಹಕ್ಕು ಅವನ ಹೆಸರಲ್ಲಿರಲಿಲ್ಲ, ರಾಯಲ್ಟಿಯೂ ಬರಲಿಲ್ಲ. ದುಡಿದ ಕೈ ಒಂದು, ಉಂಡ ಬಾಯಿ ಇನ್ನೊಂದು.

ಟೂಪಾಕ್‌ನ ಡಿಪಿ ಹಾಕ್ಕೊಂಡಿರೋ ಗೆಳೆಯಾ, ಅವನ ತಾಯಿ ಅಫೇನಿ ಶಕೂರ್ ಬ್ಲ್ಯಾಕ್ ಪ್ಯಾಂಥರ್ ಕಾರ್ಯಕರ್ತೆ. ಅವನು ಹೊಟ್ಟೆಯಲ್ಲಿದ್ದಾಗ ಆಕೆ ಜೈಲಿನಲ್ಲಿದ್ದು, ತನ್ನ ಕೇಸು ತಾನೇ ವಾದಿಸಿ, 1971ರ ಮೇನಲ್ಲಿ ಖುಲಾಸೆ ಆದಳು. ಒಂದು ತಿಂಗಳಿಗೆ ಇವನು ಹುಟ್ಟಿದ. ಮರುವರ್ಷ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು, ಅದೇ ಹೆಸರು ತಗೊಂಡು. ಅದಕ್ಕೂ ಮೊದಲು, 1946ರಲ್ಲೇ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ರು. ನಿನ್ನ ಡಿಪಿಯಲ್ಲಿರೋನು ನನಗೆ ನೆಂಟ ಆಗಬೇಕು ಕಣೋ. ಅವನ ಮುಖ ಇಟ್ಕೊಂಡು ನನಗೆ ಬಾಯಿ ಮುಚ್ಚು ಅಂತೀಯಲ್ಲ!

ನಮ್ಮ ಹುಡುಗರಿಗೂ ಒಂದು ಮಾತು. ಬೇಜಾರಾದ್ರೂ ಹೇಳ್ತೀನಿ. ಹಳೇ ರ‍್ಯಾಪ್‌ನಲ್ಲಿ ಇರೋದೆಲ್ಲ ಕ್ರಾಂತಿ ಅಲ್ಲ. ಹೆಂಗಸರನ್ನ ಹೀನಾಯವಾಗಿ ಬೈಯೋ ಸಾಲುಗಳು ರಾಶಿ ಇವೆ. ಎನ್‌ಡಬ್ಲ್ಯೂಎಗೆ ಎಫ್‌ಬಿಐ 1989ರಲ್ಲಿ ಎಚ್ಚರಿಕೆ ಪತ್ರ ಕಳಿಸಿತ್ತು ಅಂತ ಎದೆ ಉಬ್ಬಿಸಿ ಹೇಳ್ತೀವಿ. ಅದೇ ತಂಡದ ಡಾ. ಡ್ರೆ 1991ರಲ್ಲಿ ಡೀ ಬಾರ್ನ್ಸ್ ಅನ್ನೋ ಕಪ್ಪು ಪತ್ರಕರ್ತೆಗೆ ಹೊಡೆದಿದ್ದನ್ನ ಯಾಕೆ ಹೇಳಲ್ಲ? ಕ್ವೀನ್ ಲತೀಫಾ 1993ರಲ್ಲಿ ‘ಯೂನಿಟಿ’ ಹಾಡಿ ಉತ್ತರ ಕೊಟ್ಟಿದ್ದು ಬಿಳಿಯರಿಗಲ್ಲ, ತಮ್ಮ ಗಂಡಸರಿಗೆ. ನಮ್ಮ ವೇದಿಕೆಯಲ್ಲೂ ಅಕ್ಕಂದಿರು ಮೈಕ್ ಹಿಡಿದಾಗ ‘ಬೇಗ ಮುಗಿಸಿ’ ಅಂತ ಚೀಟಿ ಕಳಿಸೋರು ಇದ್ದಾರೆ. ಅದನ್ನ ಮೊದಲು ನಿಲ್ಲಿಸೋಣ.

ಕೊನೇದಾಗಿ ನಮ್ಮ ರೂಮಿನ ಕಥೆ. 2006ರ ಫೈನಲ್. ಜಿದಾನ್ ಎದುರಾಳಿಯ ಎದೆಗೆ ಡಿಚ್ಚಿ ಹೊಡೆದು ರೆಡ್ ಕಾರ್ಡ್ ತಗೊಂಡು ಹೋದ. ಈ ಗೆಳೆಯ ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ್ದ, ‘ಮನೆಯವರನ್ನ ಕೆಟ್ಟದಾಗಿ ಅಂದ್ರೆ ಯಾರ್ ಸುಮ್ನಿರ್ತಾರೆ ಮಗಾ.’ ಮುಂದಿನ ತಿಂಗಳು ನಾವು ನಾಲ್ವರೂ ಸೇರಿ ಒಂದು ದೊಡ್ಡ ಮನೆ ನೋಡೋಕೆ ಹೋದ್ವಿ. ಮನೆ ಓನರ್ ಒಬ್ಬೊಬ್ಬರನ್ನೇ ‘ನೀವು ಯಾವ ಜನ?’ ಅಂತ ಕೇಳಿದ್ರು. ನಾನು ಇದ್ದದ್ದು ಇದ್ದ ಹಾಗೆ ಹೇಳ್ದೆ. ಸಂಜೆ ಫೋನ್ ಬಂತು, ಮೂವರಿಗೆ ಕೊಡ್ತೀವಿ. ಅವನು ನನ್ನ ಭುಜದ ಮೇಲೆ ಕೈ ಇಟ್ಟು ಹೇಳ್ದ, ‘ಬೇಜಾರ್ ಮಾಡ್ಕೋಬೇಡ ಮಗಾ, ಅಡ್ವಾನ್ಸ್ ಕೊಟ್ಟಾಗಿದೆ. ನೀನ್ಯಾಕೆ ಹೇಳೋಕೆ ಹೋದೆ?’ ಭಾನುವಾರ ಮೂವರೂ ಶಿಫ್ಟ್ ಆದ್ರು. ಟೀವಿಗೆ ನಾನೂ ಕಾಲುಭಾಗ ದುಡ್ಡು ಹಾಕಿದ್ದೆ. ಅದನ್ನ ಆಟೋಗೆ ಏರಿಸೋಕೆ ಕೈ ಕೊಟ್ಟಿದ್ದೂ ನಾನೇ.

ಅವನು ಕೆಟ್ಟೋನು ಅಂತ ನಾನು ಹೇಳ್ತಿಲ್ಲ. ನನಗೆ ಜ್ವರ ಬಂದಾಗ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೂ ಅವನೇ. ಆದ್ರೆ ಆ ಸಂಜೆ ಅವನು ಹೇಳಬೇಕಾಗಿದ್ದು ಒಂದೇ ಸಾಲು: ನಾಲ್ವರೂ ಬರ್ತೀವಿ, ಇಲ್ಲಾಂದ್ರೆ ಯಾರೂ ಬರಲ್ಲ.

ವಾಸ್ಕೊ ಕಥೆ ಅರ್ಧಕ್ಕೇ ಬಿಟ್ಟಿದ್ದೆ ಅಲ್ವಾ? 1924ರ ಏಪ್ರಿಲ್ 7ರಂದು ಕ್ಲಬ್ಬಿನ ಅಧ್ಯಕ್ಷ ಜೋಸೆ ಆಗುಸ್ತೊ ಪ್ರೆಸ್ತೆಸ್ ಲೀಗಿಗೆ ಪತ್ರ ಬರೆದ. ಆ 12 ಜನರನ್ನ ನಾವು ಬಿಡಲ್ಲ, ಹಾಗಾಗಿ ನಿಮ್ಮ ಲೀಗಿಗೆ ನಾವು ಬರಲ್ಲ, ಇದು ಅದರ ತಿರುಳು. ಬರೆದವನು ಬಿಳಿಯ. ಅವನಿಗೂ ಕಳ್ಕೊಳ್ಳೋಕೆ ಲೀಗಿತ್ತು, ಗೆಲುವಿತ್ತು, ಮರ್ಯಾದೆ ಇತ್ತು. ಆದರೂ ಬರೆದ. ಮರುವರ್ಷ ಅದೇ ಲೀಗು ವಾಸ್ಕೊವನ್ನ ಒಳಗೆ ಬಿಟ್ಕೊಂತು. 1927ರಲ್ಲಿ ಸದಸ್ಯರೇ ಚಂದಾ ಎತ್ತಿ ಸ್ವಂತ ಸ್ಟೇಡಿಯಂ ಕಟ್ಟಿದ್ರು.

ಪೆಲೆಗೆ ಚಪ್ಪಾಳೆ ಹೊಡೆಯೋಕೆ ಏನೂ ಖರ್ಚಿಲ್ಲ. ಟೂಪಾಕ್ ಟೀ ಶರ್ಟಿಗೆ ಮುನ್ನೂರು ರೂಪಾಯಿ. ಆ ಪತ್ರಕ್ಕೆ ಮಾತ್ರ ಬೆಲೆ ಜಾಸ್ತಿ. ಬಾಡಿಗೆ ಮನೆಯಲ್ಲಿ, ಆಫೀಸಿನ ಊಟದ ಟೇಬಲ್ಲಿನಲ್ಲಿ, ನಿಮ್ಮ ತಂಗಿಯ ಮದುವೆ ಮಾತುಕತೆಯಲ್ಲಿ ಅದನ್ನ ಬರೆಯೋ ಸಂದರ್ಭ ಬಂದೇ ಬರುತ್ತೆ. ಅವತ್ತು ಬರೀರಿ. ಆಮೇಲೆ ಬನ್ನಿ, ಒಟ್ಟಿಗೆ ಕೂತು ಮ್ಯಾಚ್ ನೋಡೋಣ. ಈ ಸಲ ಸೌಂಡ್ ಜೋರಾಗೇ ಇಡೋಣ.

ಜೈ ಭೀಮ್.