ಬರೆದದ್ದು ಮತ್ತು ಕಂಡರಿಸಿದ್ದು

ಬೇಲೂರು, ಹಳೇಬೀಡುಗಳಿಂದ ಆಳಿದ ಹೊಯ್ಸಳರ ಶಿಲಾಶಾಸನಗಳಲ್ಲಿ ಬರೆದವನ ಹೆಸರು ಬೇರೆ, ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಬೇರೆ ಕಾಣುವುದುಂಟು. ಬರೆದದ್ದು ಅಳಿಸಿಹೋದೀತು, ಕಂಡರಿಸಿದ್ದು ನಿಲ್ಲುತ್ತದೆ. ಗಣಕಯಂತ್ರದಲ್ಲಿಯೂ ಈ ಭೇದವಿದೆ. ವಿದ್ಯಾರ್ಥಿಗಳು ಇದನ್ನು ಅರಿತಿರಲೇಬೇಕೆಂಬುದು ನಮ್ಮ ಅಭಿಪ್ರಾಯ.

ಒಂದು ಗಣಕಯಂತ್ರದೊಳಗೆ ತಂತ್ರಾಂಶದಿಂದಲೇ ನಿರ್ಮಿಸಿದ ಇನ್ನೊಂದು ಯಂತ್ರಕ್ಕೆ ವರ್ಚುಯಲ್ ಮಷೀನ್ ಎಂದು ಹೆಸರು. ಸಾಮಾನ್ಯವಾಗಿ ಅದರ ಡಿಸ್ಕೆಂಬುದು ಆತಿಥೇಯ ಯಂತ್ರದ ಒಂದು ಕಡತ ಮಾತ್ರ. ಒಳಗಿನ ಯಂತ್ರವು “ಉಳಿಸಿಯಾಯಿತು” ಎಂದಾಗಲೂ ಮಾಹಿತಿಯು ಆತಿಥೇಯದ ರ‍್ಯಾಮಿನಲ್ಲಿಯೇ ಇರಬಹುದು. ಅಲ್ಲಿ ಒಂದೊಂದು ಬಿಟ್ಟೂ ಅತಿಸೂಕ್ಷ್ಮ ಕೆಪಾಸಿಟರೊಂದರ ವಿದ್ಯುದಾವೇಶ. ಅದು ಸೋರುತ್ತಲೇ ಇರುವುದರಿಂದ ಸುಮಾರು 64 ಮಿಲಿಸೆಕೆಂಡುಗಳಿಗೊಮ್ಮೆ ಮತ್ತೆ ತುಂಬಬೇಕು. ಡಿಸ್ಕನ್ನು ಸೇರಿದ ಮೇಲೆಯೇ ಅದು ಕಂಡರಿಸಿದ್ದಕ್ಕೆ ಸಮ.

ಅರಸೀಕೆರೆಯಲ್ಲಿ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದು ವಿದ್ಯುತ್ತು ನಿಂತಿತೆನ್ನಿ. ಹೋಗುವುದು ಕೊನೆಯ ನಾಲ್ಕು ಸಾಲುಗಳಷ್ಟೇ ಅಲ್ಲ. ಕಡತಗಳ ಅನುಕ್ರಮಣಿಕೆಯೇ ಅರ್ಧಕ್ಕೆ ನಿಂತಿದ್ದರೆ ಇಡೀ ವರ್ಷದ ಪ್ರಯೋಗಗಳ ದಾಖಲೆ ಕೈಗೆಟುಕದಂತಾಗಬಹುದು.

“ಇದನ್ನು ಡಿಸ್ಕಿಗೆ ಮುಟ್ಟಿಸು” ಎಂದು ಒಳಗಿನ ಯಂತ್ರವು ಕೊಡುವ ಆಜ್ಞೆಗೆ ಫ್ಲಶ್ ಎನ್ನುತ್ತಾರೆ. ವೇಗದ ಆಸೆಯಿಂದ ಇದನ್ನು ಅಲಕ್ಷಿಸುವ ಆಯ್ಕೆಗಳೂ ಉಂಟು. ಕ್ಯೂಎಮು ತಂತ್ರಾಂಶದಲ್ಲಿ ಅದರ ಹೆಸರೇ ‘ಅನ್‌ಸೇಫ್’! ಪ್ರಾಮಾಣಿಕತೆ ಮೆಚ್ಚತಕ್ಕದ್ದೇ, ಆದರೆ ಕಾಲೇಜಿನ ದಾಖಲೆಗಳಿಗೆ ಅದು ಸಲ್ಲದು. ಯಂತ್ರ ತುಸು ನಿಧಾನವಾದರೆ ಆಗಲಿ.

ಯು.ಪಿ.ಎಸ್. ಇದೆಯಲ್ಲ ಎನ್ನುವವರುಂಟು. ಅದು ಕೊಡುವುದು ಕೆಲವು ನಿಮಿಷಗಳ ಅವಕಾಶ. ಅಷ್ಟರೊಳಗೆ ಮೊದಲು ಒಳಗಿನ ಯಂತ್ರಗಳನ್ನೂ ಬಳಿಕ ಆತಿಥೇಯವನ್ನೂ ತಾನಾಗಿಯೇ ನಿಲ್ಲಿಸುವ ಏರ್ಪಾಡಿಲ್ಲದಿದ್ದರೆ, ಬ್ಯಾಟರಿ ಬರಿದಾದಾಗ ಆಗುವುದು ಅದೇ ಅನಾಹುತ. ಈ ಏರ್ಪಾಡನ್ನು, ಬೇಡವಾದ ಕಡತಗಳನ್ನಿಟ್ಟು, ಮೇನ್ಸ್ ಸ್ವಿಚ್ಚು ಆರಿಸಿ, ಒಮ್ಮೆಯಾದರೂ ಪರೀಕ್ಷಿಸಿ ನೋಡತಕ್ಕದ್ದು.