ವಿಜ್ಞಾನ ಕಾದಂಬರಿಯ ಕನ್ನಡ ನೆಲೆ: ತೇಜಸ್ವಿ ಮತ್ತು ಕ್ಯಾಸನೂರು

ಪೂರ್ಣಚಂದ್ರ ತೇಜಸ್ವಿಯವರನ್ನು ಕುರಿತು ಕನ್ನಡ ವಿಮರ್ಶೆ ಬರೆದುದು ಕಡಿಮೆಯೇನಲ್ಲ. ನವ್ಯದ ಹಂಗು ತೊರೆದ ಲೇಖಕ, ಪರಿಸರದ ಕಥನಕಾರ, ಲೋಹಿಯಾ ಚಿಂತನೆಯ ವಾರಸುದಾರ ಮುಂತಾಗಿ ಅವರನ್ನು ಹಲವು ಬಗೆಯಲ್ಲಿ ಗುರುತಿಸಲಾಗಿದೆ. ಆದರೆ ‘ವಿಜ್ಞಾನ ಕಾದಂಬರಿಕಾರ’ ಎಂಬ ಹೆಸರನ್ನು ಅವರಿಗೆ ಸಲ್ಲಿಸಲು ನಮ್ಮ ವಿಮರ್ಶೆ ಇಂದಿಗೂ ಅನುಮಾನಿಸುತ್ತದೆ. ಆ ಪ್ರಕಾರವೆಂದರೆ ಆಕಾಶನೌಕೆ, ಯಂತ್ರಮಾನವ, ಅನ್ಯಗ್ರಹದ ಜೀವಿ ಎಂಬ ಪೂರ್ವಗ್ರಹವೇ ಇದಕ್ಕೆ ಕಾರಣ. ಹೀಗಾಗಿ ಆ ಸಾಮಗ್ರಿಯನ್ನು ನೇರವಾಗಿ ಎತ್ತಿಕೊಂಡವರು ಜನಪ್ರಿಯ ಸಾಹಿತ್ಯದ ಕಪಾಟಿಗೆ ಸರಿದರು. ಎತ್ತಿಕೊಳ್ಳದವರು ವಿಜ್ಞಾನದ ಲೆಕ್ಕದಿಂದಲೇ ಹೊರಗುಳಿದರು. ಬಾಳ ಫೋಂಡಕೆಯವರು ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಸಂಪಾದಿಸಿದ, 1993ರಲ್ಲಿ ಪ್ರಕಟವಾದ ‘ಇಟ್ ಹ್ಯಾಪನ್ಡ್ ಟುಮಾರೋ’ ಸಂಕಲನದಲ್ಲಿ ರಾಜಶೇಖರ ಭೂಸನೂರಮಠ ಮತ್ತು ಸಂಜಯ ಹಾವನೂರರ ಕಥೆಗಳಿವೆ. ಭಾರತೀಯ ಭಾಷೆಗಳ ಪಂಕ್ತಿಯಲ್ಲಿ ಕುಳಿತ ಈ ಹೆಸರುಗಳಿಗೆ ಕನ್ನಡ ಸಾಹಿತ್ಯ ಚರಿತ್ರೆಗಳು ಕೊಟ್ಟ ಜಾಗ ತೀರ ಸಣ್ಣದು.

ತೇಜಸ್ವಿಯವರು ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಮೇಲೆ ಅಧ್ಯಾಪಕ ವೃತ್ತಿಯ ಕಡೆ ಹೊರಳದೆ ಮೂಡಿಗೆರೆಯ ಕಾಫಿ ತೋಟಕ್ಕೆ ಹೋದುದು ಒಂದು ಜೀವನಕ್ರಮದ ಆಯ್ಕೆ ಮಾತ್ರವಾಗಿರಲಿಲ್ಲ, ಬರವಣಿಗೆಯ ವಿಧಾನದ ಆಯ್ಕೆಯೂ ಆಗಿತ್ತು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯದ ದಾರಿ ತಮಗೆ ಸಾಲದೆಂದು ಘೋಷಿಸಿದರು. 1980ರಲ್ಲಿ ‘ಕರ್ವಾಲೊ’ ಬಂದಿತು. 1985ರ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಏಲಕ್ಕಿ ಸಂಶೋಧನೆಯ ಸುತ್ತ ಹೆಣೆದ ಕೃತಿಯೊಂದು ಆ ಮನ್ನಣೆ ಪಡೆದಾಗಲೂ ಅದರೊಳಗಿನ ಪ್ರಯೋಗಾಲಯದ ಬಗ್ಗೆ ನಡೆದ ಚರ್ಚೆ ಅಲ್ಪ. 2007ರ ಏಪ್ರಿಲ್ 5ರಂದು ತೇಜಸ್ವಿಯವರು ತೀರಿಕೊಂಡರು.

‘ಕರ್ವಾಲೊ’ದಲ್ಲಿ ಹಾರುವ ಓತಿಯೊಂದರ ಬೆನ್ನು ಹತ್ತಿ ಒಂದು ತಂಡ ಕಾಡಿಗೆ ಹೋಗುತ್ತದೆ. ತಂಡದಲ್ಲಿ ವಿಜ್ಞಾನಿಯಿದ್ದಾನೆ, ಕೃಷಿಕನಿದ್ದಾನೆ, ಛಾಯಾಗ್ರಾಹಕನಿದ್ದಾನೆ, ಅಡುಗೆಯವನಿದ್ದಾನೆ, ನಾಯಿಯೂ ಇದೆ. ಆದರೆ ಆ ಜೀವಿಯನ್ನು ಮೊದಲು ಕಂಡವನು ಜೇನು ಕೀಳುವ ಮಂದಣ್ಣ. ಊರಿನ ಕಣ್ಣಿಗೆ ದಡ್ಡನಾದ ಇವನಲ್ಲಿ ಕರ್ವಾಲೊ ಒಬ್ಬ ಸಹಜ ವಿಜ್ಞಾನಿಯನ್ನು ಕಾಣುತ್ತಾರೆ. ವಿಜ್ಞಾನ ಕಾದಂಬರಿಗಿರಬೇಕಾದ ಲಕ್ಷಣ ಇಲ್ಲಿಯೇ ಇದೆ: ಅರಿವು ಹೇಗೆ ಹುಟ್ಟುತ್ತದೆ, ಯಾರಿಂದ ಹುಟ್ಟುತ್ತದೆ, ಅದರ ಒಡೆತನ ಯಾರದು ಎಂಬ ಪ್ರಶ್ನೆಗಳೇ ಕಥೆಯನ್ನು ನಡೆಸುತ್ತವೆ. ಕೊನೆಯಲ್ಲಿ ಓತಿ ಕೈಗೆ ಸಿಗದೆ ಪ್ರಪಾತದತ್ತ ತೇಲಿಹೋಗುವುದನ್ನು ಆಧ್ಯಾತ್ಮಿಕ ಸಂಕೇತವೆಂದು ಓದುವ ಪರಿಪಾಠವಿದೆ. ಆ ಓದು ತಪ್ಪೆನ್ನಲಾಗದು. ಆದರೂ ಮಾದರಿ ಸಿಗದೆ ಹಿಂದಿರುಗುವುದು ಕ್ಷೇತ್ರಕಾರ್ಯ ಮಾಡುವ ಜೀವಿವಿಜ್ಞಾನಿಗೆ ನಿತ್ಯದ ಅನುಭವವೆಂಬ ಸಾಮಾನ್ಯ ಸಂಗತಿಯನ್ನು ಅದು ಮರೆಸಿಬಿಡುತ್ತದೆ.

ತೇಜಸ್ವಿಯವರ ಈ ವಿಧಾನವನ್ನು ಅವರ ಹುಟ್ಟು ಜಿಲ್ಲೆಯ ಉತ್ತರ ಅಂಚಿನಲ್ಲಿರುವ ಸೊರಬ, ಶಿಕಾರಿಪುರ ತಾಲೂಕುಗಳಿಗೆ ಅನ್ವಯಿಸಿ ನೋಡಿದರೆ ಅದರ ಶಕ್ತಿ ತಿಳಿಯುತ್ತದೆ. 1957ರ ಬೇಸಿಗೆಯ ಹೊತ್ತಿಗೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತು ಬೀಳುತ್ತಿದ್ದವು; ಆಸುಪಾಸಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಮಲಗಿದ್ದರು. ಅಲ್ಲಿಯವರೆಗೆ ಏಷ್ಯಾದಲ್ಲಿ ಕಾಣಿಸಿಕೊಳ್ಳದಿದ್ದ ಹಳದಿ ಜ್ವರವೇ ಬಂದಿತೆ ಎಂಬ ಆತಂಕ ವಿಜ್ಞಾನಿಗಳಿಗೆ ಉಂಟಾಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿದಾಗ ತಿಳಿದುಬಂದ ವೈರಾಣು ಬೇರೆ. ಉಣುಗುಗಳ ಕಡಿತದಿಂದ ಹರಡುವ ಅದರ ಹತ್ತಿರದ ಬಂಧು ಇದ್ದುದು ದೂರದ ರಷ್ಯಾದ ಕಾಡುಗಳಲ್ಲಿ. ಸೈಬೀರಿಯಾ ಕಡೆಯಿಂದ ವಲಸೆ ಬರುವ ಹಕ್ಕಿಗಳು ಇದನ್ನು ಹೊತ್ತು ತಂದವೇ ಎಂಬ ಶಂಕೆ ಹುಟ್ಟಿತು, ಹಕ್ಕಿಗಳ ಅಧ್ಯಯನ ನಡೆಯಿತು. 1970ರ ದಶಕದ ಮಧ್ಯದಲ್ಲಿ, ವಿದೇಶಿ ನೆರವಿನಿಂದ ನಡೆದ ಇಂಥ ಅಧ್ಯಯನಗಳ ಉದ್ದೇಶವನ್ನೇ ಸಂಸತ್ತಿನ ಲೋಕಲೆಕ್ಕ ಸಮಿತಿ ಪ್ರಶ್ನಿಸಿತು. ಕಾಡು ಕಡಿದು ಸಾಗುವಳಿ ಹಬ್ಬಿದ್ದು, ಕಾಡಂಚಿನಲ್ಲಿ ದನ ಮೇಯಿಸುವುದು ಹೆಚ್ಚಿದ್ದು ಉಣುಗುಗಳ ವೃದ್ಧಿಗೆ ಕಾರಣವಾಯಿತೆಂದು ಕೆಲವು ಸಂಶೋಧಕರು ವಾದಿಸಿದರು.

ಒಂದು ಹಳ್ಳಿ, ಸಾಯುವ ಕೋತಿಗಳು, ಶೀತಲ ಸಮರದ ಸಂಶಯ, ಸಾವಿರಾರು ಮೈಲಿ ಹಾರಿಬರುವ ಹಕ್ಕಿ, ತರಗೆಲೆ ಗುಡಿಸಲು ಕಾಡಿಗೆ ಹೋಗುವ ಹೆಂಗಸು. ಮೈಕೆಲ್ ಕ್ರೈಟನ್ 1969ರಲ್ಲಿ ‘ದಿ ಆಂಡ್ರೊಮಿಡಾ ಸ್ಟ್ರೇನ್’ ಬರೆಯಲು ಅಂತರಿಕ್ಷದಿಂದ ಸೂಕ್ಷ್ಮಜೀವಿಯನ್ನು ಇಳಿಸಬೇಕಾಯಿತು. ಸೊರಬದಲ್ಲಿ ಆ ಶ್ರಮವೇ ಬೇಕಾಗಿರಲಿಲ್ಲ. ವೈದ್ಯಕೀಯ ಸಾಹಿತ್ಯದಲ್ಲಿ ಜಗತ್ತೆಲ್ಲ ಓದುವ ಹೆಸರಾಗಿ ಕ್ಯಾಸನೂರು ನಿಂತಿದೆ. ಕನ್ನಡ ಕಥನ ಸಾಹಿತ್ಯದ ಚರ್ಚೆಯಲ್ಲಿ ಅದು ಮಂಗನ ಕಾಯಿಲೆಯ ಸುದ್ದಿಯಾಗಿ, ಡಿಸೆಂಬರ್‌ನಿಂದ ಮೇವರೆಗಿನ ವಾರ್ಷಿಕ ಆತಂಕವಾಗಿ ಮಾತ್ರ ಉಳಿದಿದೆ.

ನೆರೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ಕೋಡಿಯಮಠದ 1162ರ ಶಾಸನವು ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ಜೊತೆಯಲ್ಲಿಯೇ ಅನಾಥ ರೋಗಿಗಳ ಚಿಕಿತ್ಸೆಯನ್ನೂ ಆ ಸ್ಥಾನದ ಕಾರ್ಯವೆಂದು ಹೇಳುತ್ತದೆ. ಅಲ್ಲಮನ ಊರು, ಅಕ್ಕನ ಉಡುತಡಿ ಎಂದು ಈ ತಾಲೂಕನ್ನು ಅನುಭಾವದ ನೆಲೆಯಾಗಿ ಮಾತ್ರ ಓದುವ ನಮ್ಮ ಅಧ್ಯಯನಗಳು ಶಾಸನದ ಆ ಸಾಲುಗಳನ್ನು ದಾಟಿ ಹೋಗುವುದೇ ಹೆಚ್ಚು. ಜ್ಞಾನ ಮತ್ತು ರೋಗ ಒಂದೇ ಅಂಗಳದಲ್ಲಿದ್ದ ಊರು ಅದು. ವಚನದ ಬೆಡಗನ್ನು ಬಿಡಿಸಲು ಬಳಸುವ ತಾಳ್ಮೆಯ ಒಂದು ಪಾಲನ್ನು ಈ ಭಾಗದ ವೈದ್ಯ, ಕೆರೆ, ಕಾಡುಗಳ ಜ್ಞಾನಕ್ಕೂ ಮೀಸಲಿಟ್ಟರೆ ಅನುಭಾವಕ್ಕೆ ನಷ್ಟವೇನೂ ಆಗದು.

ವಿಜ್ಞಾನ ಕಾದಂಬರಿಗೆ ಪ್ರಯೋಗಾಲಯದ ಪರಿಚಯ ಬೇಕು, ಅದು ಕನ್ನಡ ಲೇಖಕರಿಗೆ ದುರ್ಲಭ ಎಂಬ ಆಕ್ಷೇಪವನ್ನು ಎತ್ತಬಹುದು. ಕನ್ನಡ ಎಂ.ಎ. ಓದಿದ ಕೃಷಿಕರೊಬ್ಬರು ಆ ಪರಿಚಯವನ್ನು ಮೂಡಿಗೆರೆಯ ತೋಟದಲ್ಲಿ ಕುಳಿತೇ ದೊರಕಿಸಿಕೊಂಡರೆಂಬುದು ಅದಕ್ಕೆ ಸಾಕಷ್ಟು ಉತ್ತರ. ಕೊರತೆಯಿರುವುದು ಆಕರಗಳನ್ನು ಕೂಡಿಡುವ ಕೆಲಸದಲ್ಲಿ. ಜಾನಪದ ಕ್ಷೇತ್ರಕಾರ್ಯಕ್ಕೆಂದು ಸೊರಬದ ಹಳ್ಳಿಗಳಿಗೆ ಹೋಗುವ ವಿದ್ಯಾರ್ಥಿಗಳು ಹಾಡು, ಒಗಟು, ಐತಿಹ್ಯಗಳನ್ನು ಸಂಗ್ರಹಿಸಿ ತರುತ್ತಾರೆ. 1957ರ ಬೇಸಿಗೆಯಲ್ಲಿ ಕಾಡಿನಿಂದ ಯಾವ ಸುದ್ದಿ ಬಂತು, ಕೋತಿಯ ಹೆಣವನ್ನು ಯಾರು ಮುಟ್ಟಿದರು, ರಕ್ತ ತೆಗೆಯಲು ಬಂದವರಿಗೆ ಊರು ಏನು ಹೇಳಿತು ಎಂಬ ಪ್ರಶ್ನೆಗಳಿಗೂ ಅವರ ಪ್ರಶ್ನಾವಳಿಯಲ್ಲಿ ಜಾಗ ಸಿಗಬೇಕು. ಆ ವರ್ಷ ಹತ್ತರ ವಯಸ್ಸಿನವರಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ.